ದಾಖಲಾಗದ ಸೀನು

ಜೂನ್ 11

ಗಂಟಲಿಗೆ,

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ನನ್ನನ್ನು ಗುಡ್ಡದ ಮರುಪ್ರಸಾರ ಕೇಂದ್ರಕ್ಕೆ ವರ್ಗ ಮಾಡಲಾಯಿತು. ಸುದ್ದಿ ತಂದವರು ನಮ್ಮ ರೇಡಿಯೊ ನಿಲಯದ ಗುಮಾಸ್ತರು. ಆದೇಶದ ಜೊತೆಗೆ ವಿಚಾರಣೆಯ ಹೇಳಿಕೆಗಳ ಪ್ರತಿಯನ್ನೂ ಕೊಟ್ಟರು. ನಿನ್ನ ಹೇಳಿಕೆ ಎರಡನೇ ಪುಟದಲ್ಲಿದೆ. ಒಂದೇ ಸಾಲು: "ನಾನು ಸೀನಲಿಲ್ಲ."

ವಿಚಾರಣೆಯಲ್ಲಿ ಮುಖ್ಯಸ್ಥರು ಹೇಳಿದಾಗ ನಂಬಿರಲಿಲ್ಲ. ಅದನ್ನು ನಿಂತುಕೊಂಡು ಓದಿದೆ. ಆಮೇಲೆ ಕೂತುಕೊಂಡು ಓದಿದೆ. ಎರಡು ಸಲವೂ ಅಷ್ಟೇ ಇತ್ತು.

ಕೇಳಿಬಿಡೋಣವೆಂದು ಇವತ್ತು ಎರಡು ಸಲ ನಿಮ್ಮ ಮನೆಯ ಬಾಗಿಲು ತಟ್ಟಿದೆ. ಬೆಳಗ್ಗೆ ಅತ್ತಿಗೆ "ಸ್ನಾನಕ್ಕೆ ಹೋಗಿದಾರೆ" ಎಂದರು. ಸಂಜೆಯೂ "ಸ್ನಾನಕ್ಕೆ ಹೋಗಿದಾರೆ" ಎಂದರು, ನೆಲ ನೋಡುತ್ತಾ. ಆದ್ದರಿಂದ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ಆ ಸಾಲು ಓದಿದ ಮೇಲೆ ನಿನಗೆ ಗೊತ್ತಿದೆಯೋ ಇಲ್ಲವೋ ಎಂದು ಅನುಮಾನ ಬಂದಿದೆ.

ಮೇ 27, ಬೆಳಗ್ಗೆ ಏಳರ ವಾರ್ತೆ. ಗಾಜಿನ ಆಚೆ ಓದಲು ನೀನು, ಈಚೆ ಯಂತ್ರಗಳ ಮುಂದೆ ನಾನು. ನಿಲಯದವರು ನಮಗಿಟ್ಟ ಹೆಸರಿನಂತೆ ಗಂಟಲು ಮತ್ತು ಕಿವಿ. ಆರೂ ಮುಕ್ಕಾಲಿಗೆ ಲೈನು ಕೈಕೊಟ್ಟಿತ್ತು. "ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದು ಹೇಳಲು ನನ್ನ ಮೈಕಿನ ಸ್ವಿಚ್ಚನ್ನು ಕೆಳಗೆ ಎಳೆದಿದ್ದೆ. ಅದು ಮೇಲಿದ್ದರೆ ನನ್ನ ಮಾತು ನಿನ್ನೊಬ್ಬನ ಕಿವಿಗೆ, ಕೆಳಗಿದ್ದರೆ ಊರಿಗೆಲ್ಲ. ಮತ್ತೆ ಮೇಲೆತ್ತಲು ಮರೆತೆ. ಇದು ನನ್ನ ತಪ್ಪು. ಬರೆದುಕೊಟ್ಟಿದ್ದೇನೆ.

ಏಳೂ ನಾಲ್ಕಕ್ಕೆ ನೀನು ಓದಿದೆ: "ನಗರಸಭೆಯ ಮಾಜಿ ಅಧ್ಯಕ್ಷರು ಇಂದು ಮುಂಜಾನೆ ನಿಧನರಾದರು. ಅವರಿಗೆ ತೊಂಬತ್ತೊಂದು ವರ್ಷ ವಯಸ್ಸಾಗಿತ್ತು." ಓದಿ ಮೇಜಿನ ಮೇಲಿನ ಕೆಂಪು ಗುಂಡಿ ಒತ್ತಿದೆ. ಕೆಮ್ಮು ಬಂದಾಗ ಒತ್ತಲೆಂದೇ ಇಟ್ಟ ಗುಂಡಿ ಅದು, ಒತ್ತಿರುವಷ್ಟು ಹೊತ್ತು ನಿನ್ನ ಮೈಕು ಮೂಕ. ಒತ್ತಿಕೊಂಡು ಸೀನಿದೆ. ತಲೆ ಮುಂದಕ್ಕೆ ಬಂತು, ಕನ್ನಡಕ ಮೂಗಿನ ತುದಿಗೆ ಜಾರಿತು. ನೀನು ಸೀನಿದಾಗಲೆಲ್ಲ ಹದಿನಾಲ್ಕು ವರ್ಷದಿಂದ ಹೇಳುತ್ತಾ ಬಂದದ್ದನ್ನು ನಾನು ಅವತ್ತೂ ಹೇಳಿದೆ.

ಊರಿನವರ ಕಿವಿಗೆ ಬಿದ್ದದ್ದು ಇಷ್ಟು. ತೊಂಬತ್ತೊಂದು ವರ್ಷ ವಯಸ್ಸಾಗಿತ್ತು. ಎರಡು ಸೆಕೆಂಡು ಮೌನ. ಆಮೇಲೆ ನನ್ನ ಧ್ವನಿ, ಸ್ಪಷ್ಟವಾಗಿ: "ದೇವ್ರು ನೂರು ವರ್ಷ ಕೊಡ್ಲಿ!"

ಸತ್ತವರ ಮಗಳು ದೂರು ಕೊಟ್ಟರು. ಅವರನ್ನು ನಾನು ದೂರುವುದಿಲ್ಲ. ನಮ್ಮಪ್ಪ ಸತ್ತ ದಿನ ಯಾರಾದರೂ ಹಾಗೆ ಅಂದಿದ್ದರೆ ರೇಡಿಯೊ ಎತ್ತಿ ಹೊರಗೆ ಎಸೆಯುತ್ತಿದ್ದೆ.

ವಿಚಾರಣೆಯಲ್ಲಿ ನಿಲಯದ ಮುಖ್ಯಸ್ಥರು ಕೇಳಿದರು:

"ದೇವರನ್ನ ನಂಬ್ತೀರಾ?"

"ಇಲ್ಲ ಸಾರ್."

"ಮತ್ತೆ ಅವನ ಹೆಸರು ಯಾಕ್ರೀ ಎತ್ತಿದ್ರಿ?"

"ಸೀನಿದ್ರಲ್ಲ ಸಾರ್, ಅದಕ್ಕೆ. ನಮ್ಮಮ್ಮ ಕಲಿಸಿದ್ದು."

"ಸೀನೇ ಇಲ್ಲ ಅಂತ ಬರೆದುಕೊಟ್ಟಿದಾರಲ್ರೀ ಅವರು? ಟೇಪಿನಲ್ಲೂ ಇಲ್ಲ."

ಕಡತದಲ್ಲಿ ಹೀಗೆ ಬರೆದಿದ್ದಾರೆ: "ನೌಕರರಿಗೆ ದೇವರಲ್ಲಿ ನಂಬಿಕೆ ಇಲ್ಲ. ಆದಕಾರಣ ಸದರಿ ಮಾತನ್ನು ಹಾರೈಕೆ ಎಂದು ಪರಿಗಣಿಸಲಾಗದು. ಅಪಹಾಸ್ಯ ಇರಬಹುದು."

ಈ ವರ್ಗಾವಣೆ ವಿಚಾರಣೆ ಮುಗಿಯುವವರೆಗೆ ಮಾತ್ರ. ಕೊನೆಗೆ, ಸ್ವಿಚ್ಚು ಮರೆತರೆ ಎಚ್ಚರಿಕೆ ಪತ್ರ. ಸತ್ತವರನ್ನು ಅಪಹಾಸ್ಯ ಮಾಡಿದರೆ ಕೆಲಸದಿಂದ ವಜಾ. ಎರಡರ ನಡುವೆ ಇರುವುದು ನಿನ್ನ ಒಂದು ಸೀನು.

ನಾಳೆ ಬೆಳಗ್ಗೆ ಹೊರಡುತ್ತೇನೆ. ವಿಳಾಸ ಹಿಂಬದಿಯಲ್ಲಿದೆ.

ಇಂತಿ,
ಕಿವಿ


ಜೂನ್ 29

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಪ್ರಕರಣದ ವಿಚಾರಣೆ ಮುಗಿಯದೆ ಇರುವುದರಿಂದ ಅದರ ಬಗ್ಗೆ ಪತ್ರವ್ಯವಹಾರ ನಡೆಸುವುದು ಸೂಕ್ತವಲ್ಲವೆಂದು ಭಾವಿಸುತ್ತೇನೆ. ಗುಡ್ಡದ ಮೇಲೆ ಚಳಿ ಹೆಚ್ಚೆಂದು ಕೇಳಿದ್ದೇನೆ. ಆರೋಗ್ಯದ ಕಡೆ ಗಮನವಿರಲಿ.

ತಮ್ಮ ವಿಶ್ವಾಸಿ,
ವಾರ್ತಾವಾಚಕ


ಜುಲೈ 8

ಮಾನ್ಯ ಗಂಟಲೇ,

ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನೀನು ನನ್ನನ್ನು 'ತಾವು' ಎಂದೆ. ಗುಡ್ಡದ ಚಳಿಗಿಂತ ಅದೇ ಹೆಚ್ಚು ಕೊರೆಯಿತು.

ಪ್ರಕರಣದ ಬಗ್ಗೆ ಬರೆಯುವುದಿಲ್ಲ. ಸೀನಿನ ಬಗ್ಗೆ ಬರೆಯಲು ಅಡ್ಡಿಯಿಲ್ಲವಲ್ಲ?

ಇಲ್ಲಿ ಒಂದು ಎತ್ತರದ ಕಂಬ, ಒಂದು ಯಂತ್ರದ ಕೋಣೆ, ಒಂದು ಮಲಗುವ ಕೋಣೆ ಇವೆ. ಯಂತ್ರದ ಕೋಣೆಯಲ್ಲಿ ನಿಮ್ಮ ಕಾರ್ಯಕ್ರಮ ಲೈನಿನಲ್ಲಿ ಬರುತ್ತದೆ, ನಾನು ಅದನ್ನು ಕಂಬಕ್ಕೆ ಹತ್ತಿಸುತ್ತೇನೆ. ಸರಿಯಾಗಿ ಬರುತ್ತಿದೆಯೇ ಎಂದು ಕೇಳಲು ಗೋಡೆಗೆ ದೊಡ್ಡ ಸ್ಪೀಕರ್ ಇದೆ. ದಿನವೂ ಬೆಳಗ್ಗೆ ಏಳಕ್ಕೆ ನೀನು ಗೋಡೆಯಿಂದ ಮಾತಾಡುತ್ತೀಯ.

ಇನ್ನೊಬ್ಬ ಮನುಷ್ಯ ಎಂದರೆ ಕಾವಲುಗಾರ. ಎಪ್ಪತ್ತರ ಹತ್ತಿರದ ಮುದುಕ. ನಾನು ಬಂದ ದಿನ ಯಂತ್ರಗಳ ಧೂಳು ಒರೆಸುತ್ತಾ ಸೀನಿದ. ನನ್ನ ಬಾಯಿ ತನ್ನಷ್ಟಕ್ಕೆ ಹೇಳಿತು. ಮುದುಕ ಬಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದ.

"ಒಂದನೇ ಸೀನಿಗೇ ದೇವರನ್ನ ಕರೀಬಾರ್ದು ಸಾರ್. ಒಂದನೇದು ಧೂಳಿಂದು. ಎರಡನೇದು ಚಳೀದು. ಮೂರನೇದು ಬಂದ್ರೆ ಮಾತ್ರ ಕರೀಬೇಕು. ಸುಮ್‌ಸುಮ್ನೆ ಕರೀತಾ ಇದ್ರೆ ಬೇಕಾದಾಗ ಬರಲ್ಲ ಅವನು."

"ಬರ್ತಾನೆ ಅಂತ ಯಾರು ಹೇಳಿದ್ರು?" ಎಂದೆ.

"ನಂಬಿಕೆ ಇಲ್ಲದೆ ಇದ್ರೆ ಮತ್ಯಾಕೆ ಕರೀತೀರಿ?"

ಅದೇ ಪ್ರಶ್ನೆ, ಮುಖ್ಯಸ್ಥರು ಕೇಳಿದ್ದು. ಗುಡ್ಡ ಹತ್ತಿ ಬಂದರೂ ಬೆನ್ನು ಬಿಡಲಿಲ್ಲ.

ಯೋಚಿಸಲು ಇಲ್ಲಿ ಬೇಕಾದಷ್ಟು ಸಮಯವಿದೆ. ಕೆಮ್ಮಿದವರನ್ನು ಯಾರೂ ಹರಸುವುದಿಲ್ಲ. ಆಕಳಿಸಿದವರಿಗೆ ಬಾಯಿ ಮುಚ್ಚಿಕೋ ಎನ್ನುತ್ತೇವೆ. ಬಿಕ್ಕಳಿಸಿದವರಿಗೆ ನೀರು ಕೊಡುತ್ತೇವೆ. ಸೀನಿಗೆ ಮಾತ್ರ ನೇರವಾಗಿ ದೇವರೇ ಬರಬೇಕು. ಪಾಪ, ಅವನ ಗತಿ ಏನು? ಯುದ್ಧ, ನೆರೆ, ಹೆರಿಗೆ ಎಲ್ಲ ನೋಡಿಕೊಳ್ಳುವ ಹೊತ್ತಿನಲ್ಲಿ ಲೋಕದ ಅಷ್ಟೂ ಮೂಗುಗಳಿಂದ ಅರ್ಜಿ. ಪ್ರತಿಯೊಂದರಲ್ಲೂ ಅದೇ ಬೇಡಿಕೆ, ನೂರು ವರ್ಷ. ನಾನು ಅವನ ಜಾಗದಲ್ಲಿದ್ದರೆ ಮೂಗನ್ನೇ ವಾಪಸು ತೆಗೆದುಕೊಳ್ಳುತ್ತಿದ್ದೆ.

ಮುದುಕನ ಸಿದ್ಧಾಂತ ಇನ್ನೂ ಮುಂದಿದೆ. ಅವನ ಪ್ರಕಾರ ಲೋಕ ಹುಟ್ಟಿದ್ದು ದೇವರು ಒಂದು ಸಲ ಸೀನಿದ್ದರಿಂದ. "ಆವಾಗ ಪಕ್ಕದಲ್ಲಿ ಯಾರೂ ಇರ್ಲಿಲ್ಲ ಸಾರ್, ಒಳ್ಳೆ ಮಾತು ಹೇಳೋಕೆ. ಅದಕ್ಕೇ ನೋಡಿ ಲೋಕ ಹಿಂಗಿರೋದು."

ನಗು ಬಂತು. ಆಮೇಲೆ ಬರಲಿಲ್ಲ.

ಒಂದು ಲೆಕ್ಕ ಹಾಕಿದೆ. ವಾರಕ್ಕೆ ಮೂರು ಸೀನೆಂದು ಹಿಡಿದರೂ ಹದಿನಾಲ್ಕು ವರ್ಷಕ್ಕೆ ಎರಡು ಸಾವಿರ ಸೀನು ದಾಟುತ್ತದೆ. ಒಂದೊಂದಕ್ಕೂ ನೂರು ವರ್ಷದಂತೆ ನಿನಗೆ ನಾನು ಕೊಡಿಸಿರುವುದು ಎರಡು ಲಕ್ಷ ವರ್ಷಕ್ಕೂ ಮಿಕ್ಕಿದ ಆಯಸ್ಸು. ಅಷ್ಟನ್ನು ಇಟ್ಟುಕೊಂಡವನಿಗೆ ವಿಚಾರಣೆಯ ದಿನ ನನಗಾಗಿ ಹತ್ತು ನಿಮಿಷ ಸಿಗಲಿಲ್ಲವಲ್ಲೋ.

ಅಮ್ಮ ತಂಗಿಯ ಮನೆಯಲ್ಲಿದ್ದಾಳೆ. ಹೊರಡುವ ದಿನ ಕೇಳಿದಳು: "ಸತ್ತೋರನ್ನ ಆಡ್ಕೊಂಡ್ಯಂತಲ್ಲೋ? ನಾನು ಕಲಿಸಿದ್ದು ಇದೇನಾ?" ಅಕ್ಕಪಕ್ಕದವರು ಯಾರೋ ಹೇಳಿದ್ದಾರೆ. ಉತ್ತರ ಕೊಡಲು ಸಾಕ್ಷಿ ಬೇಕಾಗಿತ್ತು. ಸಾಕ್ಷಿ ಸ್ನಾನಕ್ಕೆ ಹೋಗಿತ್ತು.

ಇಂತಿ,
ಕಿವಿ


ಆಗಸ್ಟ್ 20

ಪ್ರೀತಿಯ ಕಿವಿಯವರಿಗೆ,

ಮೇ 27ರ ಬೆಳಗ್ಗೆ ಇವರು ಮನೆಯಲ್ಲಿ ಐದು ಸಲ ಸೀನಿದರು. ಎಣಿಸಿದವಳು ನಾನೇ. ನಾಲ್ಕನೆಯದಕ್ಕೆ "ಇವತ್ತು ರಜೆ ಹಾಕಿ" ಎಂದೆ. ಐದನೆಯದನ್ನು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಸೀನಿ ಹೊರಟುಹೋದರು. ನಾನು ಈ ಪತ್ರ ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ.

ನೀವು ಮನೆಗೆ ಬಂದಾಗ ನಾನು ಎರಡು ಸಲ ಸುಳ್ಳು ಹೇಳಿದೆ. ಬೆಳಗ್ಗೆ ಇವರು ಅಡುಗೆಮನೆಯಲ್ಲಿ ನಿಂತಿದ್ದರು. ಸಂಜೆ ನಿಜವಾಗಿಯೂ ಬಚ್ಚಲಿನಲ್ಲೇ ಇದ್ದರು, ಆದರೆ ನೀರು ಹುಯ್ದುಕೊಳ್ಳುತ್ತಿರಲಿಲ್ಲ. ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದರು.

ಈಗಿನ ಸಂಗತಿ ಬೇರೆ. ಇವರು ಸೀನುವುದನ್ನೇ ಬಿಟ್ಟಿದ್ದಾರೆ. ಬಂದರೆ ಎರಡು ಬೆರಳಿನಲ್ಲಿ ಮೂಗು ಹಿಡಿದು ನುಂಗುತ್ತಾರೆ. ಕಣ್ಣು ಕೆಂಪಾಗುತ್ತದೆ, ಕಿವಿ ಗುಂಯ್ ಎನ್ನುತ್ತದಂತೆ. ಡಾಕ್ಟರು ಬೈದರು: "ಹೀಗೆ ನುಂಗ್ತಾ ಇದ್ರೆ ಕಿವಿ ತಮಟೆ ಒಡೆದುಹೋಗುತ್ತೆ. ಸೀನ್ರೀ, ಸೀನೋಕೇನು ಕಷ್ಟ ನಿಮಗೆ?" ಇವರು ತಲೆ ತಗ್ಗಿಸಿ ಕೂತಿದ್ದರು, ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ.

ಕಾರಣ ನನಗೆ ಗೊತ್ತು. ಸೀನಿದರೆ ನಾನು ಹರಸುತ್ತೇನೆ, ಅದನ್ನು ಕೇಳಲು ಇವರಿಗೆ ಆಗುವುದಿಲ್ಲ. ಕಳೆದ ವಾರ ತಡೆಯಲಾಗದೆ ಒಂದು ಬಂದೇಬಿಟ್ಟಿತು. ನಾನು "ದೇವರು ನೂರು" ಎನ್ನುವಷ್ಟರಲ್ಲಿ "ಬೇಡ ಕಣೇ, ಸಾಕು" ಎಂದು ಎದ್ದು ಹೋದರು. ಉಳಿದ ಮಾತು ನನ್ನ ಬಾಯಲ್ಲೇ ಉಳಿಯಿತು.

ಕೊನೆಯ ವಿಚಾರಣೆ ಅಕ್ಟೋಬರ್ 16ಕ್ಕಂತೆ. ನಾನೇ ಬಂದು ಐದು ಸೀನಿನ ಸಾಕ್ಷಿ ಹೇಳಲೇ? ನೀವು ಹೂಂ ಎಂದರೆ ಬರುತ್ತೇನೆ. ಆಮೇಲೆ ಮನೆಯಲ್ಲಿ ಏನಾಗುತ್ತದೋ ಆಗಲಿ.

ಇಂತಿ,
ನಿಮ್ಮ ಅತ್ತಿಗೆ


ಆಗಸ್ಟ್ 27

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಗುರುವಾರದ ಟಪಾಲಿನಲ್ಲಿ ಬಂತು. ಬೇಡ ಅತ್ತಿಗೆ, ಬರಬೇಡಿ. ನಿಮ್ಮ ಕೈಯಿಂದ ಅವನ ವಿರುದ್ಧ ಸಾಕ್ಷಿ ಹೇಳಿಸಿ ಉಳಿಸಿಕೊಂಡ ಕೆಲಸದಲ್ಲಿ ನಾನು ಕೂರಲಾರೆ. ಮನೆಯೊಳಗಿನ ಸೀನು ಮನೆಯೊಳಗೇ ಇರಲಿ. ಸ್ಟುಡಿಯೊದ ಸೀನಿಗೆ ಸ್ಟುಡಿಯೊದಲ್ಲಿದ್ದವರೇ ಉತ್ತರ ಹೇಳಬೇಕು.

ಅವನ ಮೇಲೆ ನನಗೆ ಸಿಟ್ಟಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನೀವು ಬರೆದದ್ದನ್ನು ಓದಿದ ಮೇಲೆ ಏಳರ ವಾರ್ತೆಯನ್ನು ಬೇರೆ ಥರ ಕೇಳುತ್ತಿದ್ದೇನೆ. ನಿನ್ನೆ ಧಾನ್ಯದ ಬೆಲೆ ಓದುವಾಗ ಒಂದು ಕಡೆ ಅವನ ಉಸಿರು ಸಿಕ್ಕಿಕೊಂಡಿತು. ಬೇರೆ ಯಾರಿಗೂ ಗೊತ್ತಾಗಿರುವುದಿಲ್ಲ. ಅದು ನುಂಗಿದ ಸೀನು.

ಹಸಿರು ಡಬ್ಬಿಯಲ್ಲಿ ಮುಲಾಮು ಇರುತ್ತದಲ್ಲ, ಅದನ್ನು ಬಿಸಿನೀರಿಗೆ ಹಾಕಿ ಹಬೆ ಕೊಡಿ. ನಾನು ಹೇಳಿದ್ದೆಂದು ಹೇಳಬೇಡಿ.

ಇಂತಿ,
ಕಿವಿ


ಅಕ್ಟೋಬರ್ 1

ಗಂಟಲಿಗೆ,

ಇಂದು ಬೆಳಗ್ಗೆ ಏಳೂ ಒಂಬತ್ತಕ್ಕೆ ನೀನು ಸೀನಿದೆ. ವರದಿ ಮಾಡಿದ್ದು ಗುಡ್ಡದ ಕೇಂದ್ರದ ಗೋಡೆಯ ಸ್ಪೀಕರ್.

ಸೇತುವೆ ದುರಸ್ತಿಯ ಸುದ್ದಿ ಮುಗಿದಿತ್ತು. ಹವಾಮಾನಕ್ಕೆ ಹೋಗುವ ಮೊದಲು ನೀನು ಉಸಿರೆಳೆದೆ, ಅದು ಓದುವ ಉಸಿರಲ್ಲವೆಂದು ನನಗೆ ತಿಳಿಯಿತು. ಇನ್ನೇನು ಗುಂಡಿ ಒತ್ತುತ್ತಾನೆ, ಎರಡು ಸೆಕೆಂಡು ಮೌನ ಬರುತ್ತದೆ ಎಂದುಕೊಂಡೆ. ಮೌನ ಬರಲಿಲ್ಲ. ಸೀನು ಬಂತು, ಸ್ಪೀಕರಿನ ಹೊದಿಕೆಯ ಬಟ್ಟೆ ಅದುರುವ ಹಾಗೆ. ಯಂತ್ರದ ಮುಳ್ಳು ಕೆಂಪು ಗೆರೆ ದಾಟಿ ವಾಪಸು ಬಂತು. ಅದನ್ನು ನಾನೇ ಕಂಬಕ್ಕೆ ಹತ್ತಿಸಿ ಹತ್ತು ಊರಿಗೆ ಕಳಿಸಿದೆ.

ಸೀನಿದ ಮೇಲೆ ನೀನು ಓದಲಿಲ್ಲ. ಮೂರು ಸೆಕೆಂಡು ಸುಮ್ಮನಿದ್ದೆ. ಗಡಿಯಾರ ನೋಡಿದ್ದೇನೆ. ಯಾರೋ ಏನೋ ಹೇಳಲಿ ಎಂದು ಕಾಯುವವನ ಹಾಗಿತ್ತು.

ಇಲ್ಲಿಯೂ ಒಂದು ಮೈಕಿದೆ, ಲೈನು ಕೆಟ್ಟಾಗ ವಿಷಾದ ಹೇಳಲು. ಸ್ವಿಚ್ಚೂ ಅದೇ ನಮೂನೆಯದು. ಕೈ ಅದರ ಹತ್ತಿರ ಹೋಯಿತು. ನಿಜ ಹೇಳುತ್ತೇನೆ, ಹತ್ತಿರ ಹೋಯಿತು. ಆಮೇಲೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಸ್ವಿಚ್ಚು ಮೇಲಿದೆಯೆಂದು ನೋಡಿಕೊಂಡು, ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿದೆ. ಹೇಳಿದ ಮೇಲೆ ಸ್ವಿಚ್ಚನ್ನು ಇನ್ನೊಂದು ಸಲ ನೋಡಿದೆ.

ಕಾವಲುಗಾರ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಯಾರಿಗೆ ಸಾರ್ ಹೇಳಿದ್ದು?"

"ಸ್ಪೀಕರಿಗೆ."

"ಒಂದೇ ಸೀನಿಗೇನಾ?" ಎಂದ. ಸ್ವಲ್ಪ ಹೊತ್ತು ಗೋಡೆ ನೋಡಿ, "ಇರ್ಲಿ ಬಿಡಿ. ದೂರದಿಂದ ಬಂದಿದೆ," ಎಂದ.

ನೀನು ಬೇಕೆಂದು ಮಾಡಿದೆಯೋ, ಕೈ ತಪ್ಪಿತೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕು.

ಇಂತಿ,
ಕಿವಿ


ಅಕ್ಟೋಬರ್ 7

ಕಿವಿಗೆ,

ಮೊನ್ನೆ ಶನಿವಾರ ನನ್ನನ್ನು ಬೆಳಗಿನ ವಾರ್ತೆಯಿಂದ ತೆಗೆದರು. ತಿಳಿಸಿದವರು ಮುಖ್ಯಸ್ಥರೇ, ಎದುರಿಗೆ ಕೂರಿಸಿಕೊಂಡು. ಸೀನಿದ್ದಕ್ಕಲ್ಲ. ಸೀನಿದ ದಿನವೇ ನಾನು ಅವರ ಕೋಣೆಗೆ ಹೋಗಿ ಎರಡನೇ ಹೇಳಿಕೆ ಕೊಟ್ಟೆ, ಅದಕ್ಕೆ. ಅದರಲ್ಲಿಯೂ ಮೊದಲ ಸಾಲು ಚಿಕ್ಕದೇ: "ಮೇ 27ರಂದು ನಾನು ಸೀನಿದೆ." ಉಳಿದದ್ದು ಎರಡು ಪುಟ.

ನೀನು ಕೇಳಿದ್ದಕ್ಕೆ ಉತ್ತರ. ಸೀನು ಬೇಕೆಂದು ಬರಲಿಲ್ಲ, ತಾನಾಗಿ ಬಂತು. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಅಷ್ಟು ಮಾತ್ರ ನಾನು ಮಾಡಿದ್ದು. ಸೀನಿ ತಲೆಯೆತ್ತಿ ಗಾಜಿನ ಕಡೆ ನೋಡಿದೆ. ನಿನ್ನ ಕುರ್ಚಿಯಲ್ಲಿ ಈಗ ಒಬ್ಬ ಹೆಣ್ಣುಮಗಳು ಕೂರುತ್ತಾಳೆ, ಕೆಲಸದಲ್ಲಿ ಚುರುಕು. ಅವಳು ಕಾಗದದಿಂದ ಕಣ್ಣೆತ್ತಲಿಲ್ಲ. ನಿನಗಾದದ್ದನ್ನು ಕೇಳಿದ ಮೇಲೆ ಆ ಕೋಣೆಯಲ್ಲಿ ಯಾರೂ ಯಾರನ್ನೂ ಹರಸುವುದಿಲ್ಲ. ಮೂರು ಸೆಕೆಂಡು ಕಾದೆ. ಆಮೇಲೆ ಹವಾಮಾನ ಓದಿದೆ.

ಮೇ ತಿಂಗಳದ್ದನ್ನೂ ಬರೆದುಬಿಡುತ್ತೇನೆ. ವಾರ್ತೆಗೆ ಮುಂಚೆ ನಾವು ರಿಜಿಸ್ಟರಿನಲ್ಲಿ "ಗಂಟಲು, ಮೂಗು ಸರಿಯಿವೆ" ಎಂದು ಸಹಿ ಮಾಡುತ್ತೇವಲ್ಲ, ಐದು ಸಲ ಸೀನಿ ಬಂದವನು ಅವತ್ತೂ ಸಹಿ ಮಾಡಿದೆ. ಮುಖ್ಯ ವಾರ್ತಾವಾಚಕರ ಹೆಸರು ಆ ವಾರವೇ ತೀರ್ಮಾನವಾಗುವುದಿತ್ತು. ಒಂದು ದಿನ ಕುರ್ಚಿ ಬಿಟ್ಟರೆ ಅದರಲ್ಲಿ ಇನ್ನೊಬ್ಬರು ಕೂರುತ್ತಾರೆಂದು ಹೆದರಿದೆ. ಆಮೇಲೆ ಸೀನಿದೆನೆಂದು ಒಪ್ಪಿಕೊಂಡರೆ ಆ ಸಹಿ ಸುಳ್ಳಾಗುತ್ತಿತ್ತು. ಹುದ್ದೆ ಈಗ ಹೇಗೂ ಇನ್ನೊಬ್ಬರಿಗೆ ಹೋಗಿದೆ. ಚೆನ್ನಾಗಿ ಓದುತ್ತಾರೆ.

ದೇವರ ವಿಷಯ. ದಿನಾ ಎರಡು ಹೊತ್ತು ಕೈಮುಗಿಯುವವನು ನಾನು, ನಿನಗೆ ಗೊತ್ತು. ನಿನ್ನ ಮಾತು ಹೊರಗೆ ಹೋದ ದಿನ ಅವನಲ್ಲಿ ಏನು ಬೇಡಿಕೊಂಡೆ ಹೇಳಲೇ? ಟೇಪಿನಲ್ಲಿ ನನ್ನ ಸೀನು ಇರದಿರಲಿ ಎಂದು. ನಡೆಸಿಕೊಟ್ಟ. ನಾಲ್ಕು ತಿಂಗಳು ಅವನ ಮುಖ ನೋಡಲು ನನಗೆ ನಾಚಿಕೆಯಾಯಿತು. ಜೊತೆಗೆ ಸಿಟ್ಟೂ ಬಂತು, ಕೇಳಿದ ತಕ್ಷಣ ಕೊಟ್ಟುಬಿಡುವುದೇ ಎಂದು. ನಿಮ್ಮ ಕಾವಲುಗಾರ ಹೇಳಿದ್ದು ಸರಿ. ಮೂರನೇ ಸಲಕ್ಕೆ ಬಂದಿದ್ದರೆ ಸಾಕಾಗಿತ್ತು.

ಎರಡು ಲಕ್ಷ ವರ್ಷದ ಲೆಕ್ಕ ಓದಿದೆ. ಆ ಪತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ. ನಿನ್ನ ಅತ್ತಿಗೆಗೆ ತೋರಿಸಿದೆ. "ಇಷ್ಟು ವರ್ಷ ನಾನು ನಿಮ್ಮ ಜೊತೆ ಏಗಬೇಕಾ?" ಎಂದಳು. ಜೂನ್ ಆದ ಮೇಲೆ ನಮ್ಮ ಮನೆಯಲ್ಲಿ ಇಬ್ಬರೂ ನಕ್ಕದ್ದು ಅವತ್ತೇ. ಹಬೆಯ ವಿಷಯವನ್ನೂ ಬಾಯಿಬಿಟ್ಟಿದ್ದಾಳೆ.

ನಿಮ್ಮ ಅಮ್ಮನನ್ನು ನಿನ್ನೆ ಹೋಗಿ ಕಂಡೆ. ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನೀನೇನಾ ಆ ಸೀನಿದೋನು?" ಎಂದರು. ಹೌದೆಂದೆ. "ಶೀತ ಹೋಯ್ತಾ?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಸಂಗತಿ. ಅಕ್ಟೋಬರ್ 1ರಂದು ವಾರ್ತೆ ಮುಗಿದ ಮೇಲೆ ನಿಲಯಕ್ಕೆ ಹನ್ನೊಂದು ಫೋನ್ ಬಂದವು. ಗುಮಾಸ್ತರು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ನಾನು ಓದಿದೆ. ಎರಡು ಬೈಗುಳ. ಎಂಟು ಜನ "ನೂರು ವರ್ಷ ಬಾಳಲಿ ಎಂದು ಅವರಿಗೆ ತಿಳಿಸಿ" ಎಂದು ಹೇಳಿ ಇಟ್ಟಿದ್ದಾರೆ. ಉಳಿದದ್ದು ಮಾಜಿ ಅಧ್ಯಕ್ಷರ ಮಗಳದ್ದು. ಗುಮಾಸ್ತರು ಆಕೆಯ ಮಾತನ್ನು ಇದ್ದ ಹಾಗೇ ಬರೆದುಕೊಂಡಿದ್ದಾರೆ: "ಅಪ್ಪ ತೀರಿಕೊಂಡ ದಿನಾನೂ ಅವರು ಸೀನಿದ್ರಾ?" ಎದುರಿನ ಅಂಕಣದಲ್ಲಿ ಉತ್ತರಕ್ಕೆಂದು ಜಾಗ ಖಾಲಿ ಬಿಟ್ಟಿದ್ದರು. ನಾನು "ಹೌದು" ಎಂದು ಬರೆದು ಸಹಿ ಮಾಡಿದೆ. ಮರುದಿನ ಗುಮಾಸ್ತರು ಅದನ್ನು ಆಕೆಗೆ ಫೋನಿನಲ್ಲಿ ಓದಿ ಹೇಳಿದರಂತೆ. ಆಕೆ "ಸರಿ. ಹದಿನಾರಕ್ಕೆ ನಾನೂ ಬರ್ತೀನಿ" ಎಂದರಂತೆ. ದೂರು ವಾಪಸು ತೆಗೆದುಕೊಳ್ಳುತ್ತಾರೋ ಇಲ್ಲವೋ ಹೇಳಿಲ್ಲ.

ನಿನ್ನನ್ನು ಕ್ಷಮೆ ಕೇಳುವ ಸಾಲನ್ನು ನಾಲ್ಕು ಸಲ ಬರೆದು ಹರಿದೆ. ಎಲ್ಲವೂ ವಾರ್ತೆ ಓದಿದ ಹಾಗೇ ಬಂದವು. ಎದುರಿಗೆ ಸಿಕ್ಕಾಗ ಹೇಳಲು ನೋಡುತ್ತೇನೆ.

ವಿಚಾರಣೆ ಅಕ್ಟೋಬರ್ 16, ಬುಧವಾರ, ಬೆಳಗ್ಗೆ ಹನ್ನೊಂದಕ್ಕೆ, ಎರಡನೇ ಮಹಡಿಯ ಸಭಾಕೊಠಡಿಯಲ್ಲಿ. ಇಬ್ಬರೂ ಹತ್ತೂ ಮುಕ್ಕಾಲಿಗೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಬೇಕು. ಗುಡ್ಡದ ಬಸ್ಸು ಹತ್ತಕ್ಕೆ ನಿಲ್ದಾಣಕ್ಕೆ ಬರುತ್ತದೆ. ನಾನು ಅಲ್ಲಿರುತ್ತೇನೆ.

ಇಂತಿ,
ಗಂಟಲು